ಕೋವಿ, ಕಾನೂನು ಮತ್ತು ಜೂಲ್

ಚುನಾವಣೆ ಘೋಷಣೆಯಾದ ಕೂಡಲೇ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ರೈತರು ತಮ್ಮ ಕೋವಿಗಳನ್ನು ಪೊಲೀಸ್ ಠಾಣೆಗೆ ಒಯ್ಯಬೇಕಾಗುತ್ತದೆ. ಬೆಳೆ ರಕ್ಷಣೆಗೆಂದು ಪರವಾನಿಗೆ ಪಡೆದ ಕೋವಿಗಳಿವು. ಫಲಿತಾಂಶ ಬರುವ ತನಕ ಅವು ಅಲ್ಲೇ ಠೇವಣಿಯಾಗಿ ಇರುತ್ತವೆ. ಅದೇ ಮನೆಯಲ್ಲಿ ಒಂದು ಏರ್‌ಗನ್ ಇದ್ದರೆ ಅದನ್ನು ಕೊಳ್ಳಲು ಸಾಮಾನ್ಯವಾಗಿ ಪರವಾನಿಗೆಯೇ ಬೇಕಿಲ್ಲ. ಮಂಗಗಳನ್ನು ಓಡಿಸಲು ಪಿವಿಸಿ ಪೈಪಿನಿಂದ ಮಾಡಿಕೊಂಡ ಕಾರ್ಬೈಡ್ ಗನ್ ಇದ್ದರಂತೂ ಅದರ ಹೆಸರು ಯಾವ ಕೋವಿ ಪರವಾನಿಗೆಯ ಪುಸ್ತಕದಲ್ಲೂ ಇರುವುದಿಲ್ಲ.

ಮೂರೂ ಒಂದೇ ತೋಟದ ಸಾಧನಗಳು. ಒಂದಕ್ಕೆ ಇಷ್ಟೆಲ್ಲ ನಿರ್ಬಂಧ, ಮತ್ತೊಂದಕ್ಕೆ ವಿನಾಯಿತಿ ಏಕೆ? ಇದು ವಕೀಲರ ಪ್ರಶ್ನೆ ಎಂದು ನಿಮಗೆ ಅನಿಸಬಹುದು. ಆದರೆ ಕಾನೂನಿನ ಪುಸ್ತಕ ತೆರೆದರೆ ಅಲ್ಲಿ ಎದುರಾಗುವುದು ಶಕ್ತಿ, ವ್ಯಾಸ, ಉದ್ದ ಎಂಬ ಭೌತ ಪರಿಮಾಣಗಳು. ಪಿಯುಸಿ ಮಟ್ಟದ ಭೌತವಿಜ್ಞಾನ ತಿಳಿದವರು ಈ ಕಾನೂನನ್ನು ಚೆನ್ನಾಗಿ ಓದಬಲ್ಲರು. ಅದು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯದೆ ಬಿಟ್ಟಿದೆ ಎಂಬುದನ್ನೂ ಕಾಣಬಲ್ಲರು.

ಕಾನೂನಿನ ಪ್ರಕಾರ ಕೋವಿ ಎಂದರೇನು?

ನಮ್ಮಲ್ಲಿ ಈಗ ಜಾರಿಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬ್ರಿಟಿಷರ ಕಾಲದ 1878ರ ಕಾಯ್ದೆಯ ಪರಂಪರೆಯನ್ನು ಬದಲಿಸಿ 1962ರ ಅಕ್ಟೋಬರ್ 1ರಂದು ಇದು ಜಾರಿಗೆ ಬಂತು. ಆಕ್ರಮಣಕ್ಕೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ವಸ್ತು 'ಶಸ್ತ್ರ'. ಮನೆಬಳಕೆಗೆ ಅಥವಾ ಕೃಷಿಗೆ ಮಾತ್ರ ರೂಪಿಸಿದ ವಸ್ತುಗಳು ಇದರಲ್ಲಿ ಸೇರುವುದಿಲ್ಲ. ಹಾಗಾಗಿ ಅಡಿಕೆ ಕೊನೆ ಕೊಯ್ಯುವ ಕತ್ತಿ ಶಸ್ತ್ರವಲ್ಲ.

'ಬಂದೂಕು' ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥವನ್ನು ಗಮನಿಸಿ: ಸ್ಫೋಟಕದ ಅಥವಾ ಇತರ ಬಗೆಯ ಶಕ್ತಿಯ ಬಲದಿಂದ ಯಾವುದೇ ಉತ್ಕ್ಷೇಪಕವನ್ನು ಹೊರಚಿಮ್ಮಲು ರೂಪಿಸಿದ ಶಸ್ತ್ರ. 'ಇತರ ಬಗೆಯ ಶಕ್ತಿ' ಎಂಬ ಮಾತು ಮುಖ್ಯ. ಮದ್ದಿನ ರಾಸಾಯನಿಕ ಶಕ್ತಿಯಷ್ಟೇ ಅಲ್ಲ, ಒತ್ತಿದ ಗಾಳಿಯ ಶಕ್ತಿಯೂ ಇದರಲ್ಲಿ ಸೇರುತ್ತದೆ. ಅಂದರೆ ಮೂಲತಃ ಏರ್‌ಗನ್ ಕೂಡ ಕಾನೂನಿನ ದೃಷ್ಟಿಯಲ್ಲಿ ಬಂದೂಕೇ. ಅದನ್ನು ಹೊರಗಿಡಲು ಬೇರೆಯೇ ಒಂದು ವಿನಾಯಿತಿ ಬೇಕಾಯಿತು. ಆ ವಿನಾಯಿತಿಯ ಗಡಿಯನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಎರಡು ಸಂಖ್ಯೆಗಳಲ್ಲಿ ಹೇಳುತ್ತವೆ: ನಳಿಗೆಯ ಬಾಯಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ಮೀರಬಾರದು, ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರಬಾರದು. ಹಿಂದಿನ ನಿಯಮಗಳಲ್ಲಿ ಒಂದು ಅಂಗುಲ ದಪ್ಪದ ಹಲಗೆಯನ್ನು ಗುಂಡು ತೂರುತ್ತದೆಯೇ ಎಂಬ ಪರೀಕ್ಷೆಯಿತ್ತು. ಹಲಗೆಯಿಂದ ಜೂಲ್‌ಗೆ ಬಂದದ್ದು ಅಳತೆಯ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ. ಮರ ಹದವಾಗಿ ಒಣಗಿದೆಯೇ, ಗಂಟು ಇದೆಯೇ ಎಂಬುದರ ಮೇಲೆ ಹಲಗೆಯ ಉತ್ತರ ಬದಲಾಗುತ್ತದೆ, ಜೂಲ್ ಬದಲಾಗುವುದಿಲ್ಲ.

ರೈತನ ಕೋವಿಯ ಬಗ್ಗೆ ಕಾಯ್ದೆಯ 13ನೆಯ ಕಲಮಿನಲ್ಲಿ ಸ್ಪಷ್ಟ ಮಾತಿದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕಾದ ತುಂಬುಕೋವಿಗೆ, ಅಂದರೆ ಬಾಯಿಯ ಕಡೆಯಿಂದ ಮದ್ದು ತುಂಬುವ ಕೋವಿಗೆ, ಪರವಾನಿಗೆ ಕೊಡಬೇಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, ಕನಿಷ್ಠ 20 ಅಂಗುಲ ಉದ್ದದ ನಳಿಗೆಯುಳ್ಳ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು. ಈ ಅಧಿಕಾರ ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳದು. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿರುವುದರಿಂದ ಅಲ್ಲಿ ಕಮಿಷನರರದು. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿಶೇಷ ವಿನಾಯಿತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಆ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

'ತುಂಬುಕೋವಿ ಸಾಲದು' ಎಂಬುದನ್ನು ಹೇಗೆ ತೀರ್ಮಾನಿಸುವುದು? ಕಪ್ಪು ಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದದ್ದು ಇದ್ದಿಲು ಮತ್ತು ಗಂಧಕ. ಕರಾವಳಿಯ ಮಳೆಗಾಲದ ತೇವದಲ್ಲಿ ಇದು ಥಂಡಿ ಹಿಡಿದು ಹತ್ತಿಕೊಳ್ಳದೆ ಹೋಗುತ್ತದೆ. ಪ್ರತಿ ಸಲವೂ ಮದ್ದು, ಚಿಂದಿ, ಚರೆ ಎಂದು ಒಂದೊಂದಾಗಿ ತುಂಬಿ ಗಜದಿಂದ ಜಡಿಯಬೇಕು. ಮುಚ್ಚಿದ ತೋಟೆಯಲ್ಲಿ ಈ ಎರಡೂ ತೊಂದರೆಗಳಿಲ್ಲ. ಕಾನೂನಿನ ಒಂದು ಸಾಲಿನ ಹಿಂದೆ ಇಷ್ಟು ರಸಾಯನವಿಜ್ಞಾನ ಅಡಗಿದೆ.

20 ಜೂಲ್ ಎಂದರೆ ಎಷ್ಟು?

ಒಂದು ಕಿಲೋಗ್ರಾಂ ತೂಕದ ಬೊಂಡ ಎರಡು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ಚಲನಶಕ್ತಿ ಸುಮಾರು 20 ಜೂಲ್. 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 57 ಕಿಲೋಮೀಟರ್ ವೇಗದಲ್ಲಿ ಬಂದರೂ ಅಷ್ಟೇ. ಏರ್‌ಗನ್ನಿನ ಸೀಸದ ಗುಂಡು ಅರ್ಧ ಗ್ರಾಂ ಎಂದಿಟ್ಟುಕೊಳ್ಳಿ. ಅದಕ್ಕೆ 20 ಜೂಲ್ ಶಕ್ತಿ ಬರಬೇಕಾದರೆ ವೇಗ ಎಷ್ಟಿರಬೇಕು? ಚಲನಶಕ್ತಿ ಎಂದರೆ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತ. ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 283 ಮೀಟರ್ ಬರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂಬುದನ್ನು ನೆನಪಿಸಿಕೊಂಡರೆ ಇದು ಆಟಿಕೆಯ ವೇಗವಲ್ಲ ಎಂದು ತಿಳಿಯುತ್ತದೆ.

ಕ್ರಿಕೆಟ್ ಚೆಂಡಿಗೂ ಈ ಗುಂಡಿಗೂ ಶಕ್ತಿ ಒಂದೇ ಆದರೂ ಪರಿಣಾಮ ಒಂದೇ ಅಲ್ಲ. ಚೆಂಡು ಮೈಗೆ ತಗಲುವಾಗ ಸುಮಾರು 10 ಚದರ ಸೆಂಟಿಮೀಟರ್ ಜಾಗವನ್ನು ಒತ್ತುತ್ತದೆ ಎನ್ನೋಣ. 4.5 ಮಿಲಿಮೀಟರ್ ವ್ಯಾಸದ ಗುಂಡಿನ ಮುಖ ಬರೇ 16 ಚದರ ಮಿಲಿಮೀಟರ್. ಅಷ್ಟೇ ಶಕ್ತಿ ಅರುವತ್ತರಲ್ಲಿ ಒಂದು ಪಾಲು ಜಾಗಕ್ಕೆ ಬೀಳುತ್ತದೆ. ಹಾಗಾಗಿ ಚೆಂಡಿನಿಂದ ಬಾವು ಬಂದರೆ ಗುಂಡಿನಿಂದ ಚರ್ಮ ಹರಿಯುತ್ತದೆ. ಕಣ್ಣಿಗೆ ಬಿದ್ದರಂತೂ ದೃಷ್ಟಿಯೇ ಹೋದೀತು.

ಪರವಾನಿಗೆ ಬೇಡವೆಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬಾರದು. ಅರುಣಾಚಲ ಪ್ರದೇಶದಲ್ಲಿ ಹಕ್ಕಿ, ಸಣ್ಣ ಪ್ರಾಣಿಗಳ ಬೇಟೆಗೆ ಏರ್‌ಗನ್ ಎಷ್ಟು ಬಳಕೆಯಾಗಿತ್ತೆಂದರೆ, 2021ರಲ್ಲಿ ಅಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನವನ್ನೇ ನಡೆಸಬೇಕಾಯಿತು. ಜನ ಎರಡು ಸಾವಿರಕ್ಕೂ ಹೆಚ್ಚು ಏರ್‌ಗನ್‌ಗಳನ್ನು ತಾವಾಗಿ ತಂದೊಪ್ಪಿಸಿದರು.

ತೋಟದ ಕೋವಿಯ ಲೆಕ್ಕ

ಈಗ 12 ಬೋರಿನ ತೋಟೆಕೋವಿಗೆ ಬರೋಣ. ಈ '12' ಮಿಲಿಮೀಟರ್ ಅಲ್ಲ, ಅಂಗುಲವೂ ಅಲ್ಲ. ಒಂದು ಪೌಂಡ್ ಸೀಸವನ್ನು 12 ಸಮಪಾಲು ಮಾಡಿ, ಒಂದು ಪಾಲನ್ನು ಗೋಲಿ ಮಾಡಿದರೆ ಅದು ಈ ನಳಿಗೆಯೊಳಗೆ ಸರಿಯಾಗಿ ಕೂರುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ಪೌಂಡ್ ಎಂದರೆ 453.6 ಗ್ರಾಂ, ಹನ್ನೆರಡರಲ್ಲಿ ಒಂದು ಪಾಲು 37.8 ಗ್ರಾಂ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ಆದ್ದರಿಂದ ಗೋಲಿಯ ಗಾತ್ರ 3.33 ಘನ ಸೆಂಟಿಮೀಟರ್, ವ್ಯಾಸ 18.5 ಮಿಲಿಮೀಟರ್. ಗೋಲದ ಗಾತ್ರದ ಸೂತ್ರವನ್ನು ಕಲಿಸುವಾಗ ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ.

ಒಂದು ತೋಟೆಯಲ್ಲಿ ಸುಮಾರು 30 ಗ್ರಾಂ ಚರೆ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಬರುತ್ತದೆ ಎಂದಿಟ್ಟುಕೊಂಡರೆ ಒಟ್ಟು ಚಲನಶಕ್ತಿ 2400 ಜೂಲ್. ಅಂದರೆ ಕಾನೂನು ವಿನಾಯಿತಿ ಕೊಟ್ಟ ಏರ್‌ಗನ್ನಿನ ಗರಿಷ್ಠ ಮಿತಿಯ 120 ಪಟ್ಟು. 50 ಕಿಲೋಗ್ರಾಂ ಅಕ್ಕಿ ಚೀಲ ಸುಮಾರು ಐದು ಮೀಟರ್ ಎತ್ತರದಿಂದ ಬಿದ್ದಷ್ಟು.

ಈ ಶಕ್ತಿ ಬರುವುದು ಎಲ್ಲಿಂದ? ಮದ್ದು ಉರಿದು ಉಂಟಾದ ಅನಿಲ ಚರೆಯನ್ನು ನಳಿಗೆಯ ಉದ್ದಕ್ಕೂ ದೂಡುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ನಳಿಗೆ 70 ಸೆಂಟಿಮೀಟರ್ ಇದ್ದರೆ ಸರಾಸರಿ ಬಲ ಸುಮಾರು 3400 ನ್ಯೂಟನ್. ನಳಿಗೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ ಒತ್ತಡ ವಾಯುಭಾರದ 125 ಪಟ್ಟಿನಷ್ಟು. ಗರಿಷ್ಠ ಒತ್ತಡ ಇದಕ್ಕಿಂತ ಬಹಳ ಹೆಚ್ಚು. ತುಕ್ಕು ಹಿಡಿದ ಹಳೆಯ ನಳಿಗೆ, ನಳಿಗೆಯೊಳಗೆ ಸಿಕ್ಕಿಕೊಂಡ ಮಣ್ಣು ಅಥವಾ ಕಣಜದ ಗೂಡು ಕೋವಿಯನ್ನೇ ಸಿಡಿಸಲು ಇದೇ ಕಾರಣ.

ಸಂವೇಗದ ಲೆಕ್ಕವನ್ನೂ ನೋಡಬಹುದು. ಚರೆಯ ಸಂವೇಗ ಸೆಕೆಂಡಿಗೆ 12 ಕಿಲೋಗ್ರಾಂ-ಮೀಟರ್. ಮೂರು ಕಿಲೋಗ್ರಾಂ ತೂಕದ ಕೋವಿ ಅದಕ್ಕೆ ಪ್ರತಿಯಾಗಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅನಿಲದ ಪಾಲನ್ನು ಸೇರಿಸಿದರೆ ಇನ್ನೂ ತುಸು ಹೆಚ್ಚು. ಕೋವಿ ಹಿಡಿದವರ ಭುಜಕ್ಕೆ ಬೀಳುವ ಒದೆತ ನ್ಯೂಟನ್ನನ ಮೂರನೆಯ ನಿಯಮದ ಪಾಠ.

ನಯನಳಿಗೆಗೆ ಏಕೆ ಒಲವು?

ರೈತನಿಗೆ ನಯನಳಿಗೆಯ ಕೋವಿಯನ್ನೇ ಕಾನೂನು ಕೊಡುವುದೇಕೆ? ರೈಫಲಿನ ನಳಿಗೆಯೊಳಗೆ ಸುರುಳಿ ತೋಡುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ತನ್ನ ಅಕ್ಷವನ್ನು ಬಿಡದೆ ಬಹುದೂರ ಸಾಗುತ್ತದೆ. ಗುರಿ ತಪ್ಪಿದ ರೈಫಲ್ ಗುಂಡು ಎರಡು ಮೂರು ಕಿಲೋಮೀಟರ್ ದೂರ ಹೋಗಿ ಬೀಳಬಲ್ಲದು.

ನಯನಳಿಗೆಯಿಂದ ಹೊರಟ ಚರೆ ಬೇಗ ಚದರುತ್ತದೆ. ಪ್ರತಿ ಮೀಟರ್ ದೂರಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲವಾಗುತ್ತದೆ ಎಂಬುದು ಸ್ಥೂಲ ಅಂದಾಜು. 40 ಮೀಟರಿನಲ್ಲಿ ಚರೆಯ ಹರವು ಒಂದು ಮೀಟರ್. ಗಾಳಿಯ ತಡೆಯೂ ಸಣ್ಣ ಚರೆಯನ್ನು ಬೇಗ ನಿಧಾನಗೊಳಿಸುತ್ತದೆ. ಏಕೆಂದರೆ ಗಾಳಿಯ ತಡೆ ವ್ಯಾಸದ ವರ್ಗಕ್ಕೆ ಅನುಗುಣ, ರಾಶಿ ವ್ಯಾಸದ ಘನಕ್ಕೆ ಅನುಗುಣ. ಚರೆ ಸಣ್ಣದಾದಷ್ಟೂ ಒಂದು ಗ್ರಾಂಗೆ ತಗಲುವ ತಡೆ ಹೆಚ್ಚು. ಎರಡೂವರೆ ಮಿಲಿಮೀಟರಿನ ಚರೆ ಹೆಚ್ಚೆಂದರೆ 200 ಮೀಟರ್ ಆಸುಪಾಸಿನಲ್ಲಿ ನೆಲ ಸೇರುತ್ತದೆ. ಒಂಬತ್ತು ಮಿಲಿಮೀಟರಿನ ದಪ್ಪ ಚರೆ 700 ಮೀಟರ್ ತನಕ ಹೋಗಬಹುದು. ಅದೇ ಕೋವಿ, ಬೇರೆ ತೋಟೆ; ಅಪಾಯದ ವೃತ್ತದ ತ್ರಿಜ್ಯ ಮೂರೂವರೆ ಪಟ್ಟು.

ನಮ್ಮ ಊರುಗಳ ಸ್ವರೂಪವನ್ನು ಇದರೊಂದಿಗೆ ಇಟ್ಟು ನೋಡಿ. ಬಯಲುಸೀಮೆಯಲ್ಲಿ ಮನೆಗಳು ಒಂದೆಡೆ, ಹೊಲಗಳು ಇನ್ನೊಂದೆಡೆ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಒಂದೊಂದು ತೋಟದ ನಡುವೆ ಒಂದೊಂದು ಮನೆ. ಗುಡ್ಡದ ಆಚೆ ಶಾಲೆಯಿರಬಹುದು, ಅಡಿಕೆ ಮರಗಳ ಮರೆಯಲ್ಲಿ ಮಕ್ಕಳ ಕಾಲುದಾರಿಯಿರಬಹುದು. ಇಂಥ ಕಡೆ 200 ಮೀಟರಿಗೂ 700 ಮೀಟರಿಗೂ ಇರುವ ವ್ಯತ್ಯಾಸ ಜೀವದ ಪ್ರಶ್ನೆ. ನಯನಳಿಗೆಯ ನಿಯಮ ಈ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಆ ನಿಯಮದ ಪ್ರಯೋಜನ ಸಿಗಬೇಕಾದರೆ ಕೋವಿ ಹಿಡಿದವನಿಗೆ ಚರೆಯ ಗಾತ್ರದ ಮಹತ್ವ ತಿಳಿದಿರಬೇಕು.

ತಡೆಯುವ ಕವಚಕ್ಕೂ ಪರವಾನಿಗೆಯೇ?

ಹೊಡೆಯುವ ಸಾಧನಕ್ಕೆ ಇಷ್ಟು ನಿರ್ಬಂಧವಿದ್ದರೆ, ಹೊಡೆತವನ್ನು ತಡೆಯುವ ಗುಂಡುನಿರೋಧಕ ಜಾಕೆಟಿಗೆ ಏನು ಕಾನೂನು ಎಂದು ಚುರುಕಾದ ವಿದ್ಯಾರ್ಥಿ ಕೇಳದಿರಲಾರ. ಇದಕ್ಕೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ 1998ರ ಕಾಯ್ದೆ ಜಾಕೆಟನ್ನು ನಿಷೇಧಿತ ಆಯುಧಗಳ ಸಾಲಿಗೇ ಸೇರಿಸಿ, ಅನುಮತಿಯಿಲ್ಲದೆ ಇಟ್ಟುಕೊಳ್ಳಬಾರದು ಎಂದಿತು. ಅಮೆರಿಕದಲ್ಲಿ 2002ರ ಕಾನೂನು ಹಿಂಸಾಪರಾಧದಲ್ಲಿ ಶಿಕ್ಷೆಯಾದವರಿಗೆ ಮಾತ್ರ ಅದನ್ನು ನಿಷೇಧಿಸಿತು. 2022ರಲ್ಲಿ ನ್ಯೂಯಾರ್ಕ್ ರಾಜ್ಯ ನಿಗದಿತ ವೃತ್ತಿಗಳವರಿಗಷ್ಟೇ ಮಾರಬಹುದೆಂದು ಬಿಗಿಗೊಳಿಸಿತು. ಕವಚ ತೊಟ್ಟ ಆಕ್ರಮಣಕಾರನನ್ನು ಪೊಲೀಸರು ತಡೆಯುವುದು ಕಷ್ಟ ಎಂಬುದು ಈ ನಿರ್ಬಂಧಗಳ ಹಿಂದಿನ ವಾದ. ನಮ್ಮಲ್ಲಿ ಗಮನ ಮುಖ್ಯವಾಗಿ ಗುಣಮಟ್ಟ ಮತ್ತು ರಫ್ತಿನ ಮೇಲಿದೆ. ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಈ ಜಾಕೆಟುಗಳಿಗೆ ಐಎಸ್ 17051 ಎಂಬ ಮಾನಕವನ್ನು ಹೊರತಂದು ಆರು ಮಟ್ಟಗಳನ್ನು ಗುರುತಿಸಿತು. ಅತ್ಯುನ್ನತವಾದ ಆರನೆಯ ಮಟ್ಟಕ್ಕೆ ಹಗುರವಾದ ಜಾಕೆಟನ್ನು ರೂಪಿಸಿರುವುದಾಗಿ ರಕ್ಷಣಾ ಸಂಶೋಧನಾ ಸಂಸ್ಥೆಯ ಕಾನ್ಪುರ ಪ್ರಯೋಗಾಲಯ 2024ರಲ್ಲಿ ಪ್ರಕಟಿಸಿತು.

ಜಾಕೆಟ್ ಶಕ್ತಿಯನ್ನು ಮಾಯ ಮಾಡುವುದಿಲ್ಲ. ಗಟ್ಟಿ ನಾರಿನ ಪದರಗಳು ಗುಂಡಿನ ಹೊಡೆತವನ್ನು ದೊಡ್ಡ ಜಾಗಕ್ಕೆ ಹಂಚುತ್ತವೆ, ನಿಲ್ಲುವ ಸಮಯವನ್ನು ಹಿಗ್ಗಿಸುತ್ತವೆ. ಏಳೂವರೆ ಗ್ರಾಂ ತೂಕದ ಪಿಸ್ತೂಲು ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಬಂದರೆ ಸುಮಾರು 490 ಜೂಲ್. ಅದರ ಸಂವೇಗ ಮಾತ್ರ 2.7, ನಮ್ಮ ತೋಟೆಕೋವಿಯ ಒದೆತದ ಕಾಲು ಭಾಗಕ್ಕಿಂತ ಕಡಿಮೆ. ಸಿನೆಮಾಗಳಲ್ಲಿ ಗುಂಡು ತಗಲಿದವರು ಹಾರಿ ಬೀಳುವುದು ಭೌತವಿಜ್ಞಾನವಲ್ಲ ಎಂಬುದಕ್ಕೆ ಈ ಒಂದು ಲೆಕ್ಕ ಸಾಕು.

ಚುನಾವಣೆಯ 80 ದಿನ

ಮತ್ತೆ ಠಾಣೆಯ ವಿಚಾರಕ್ಕೆ ಬರೋಣ. 2023ರ ವಿಧಾನಸಭಾ ಚುನಾವಣೆ ಮಾರ್ಚ್ 29ರಂದು ಘೋಷಣೆಯಾಗಿ ಮೇ 13ರಂದು ಮತ ಎಣಿಕೆಯಾಯಿತು, 45 ದಿನ. 2024ರ ಲೋಕಸಭಾ ಚುನಾವಣೆಯ ಘೋಷಣೆ ಮಾರ್ಚ್ 16ರಂದು. ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 26ರಂದು ಮತದಾನ ಮುಗಿದರೂ ಎಣಿಕೆ ಜೂನ್ 4ರಂದು. ಒಟ್ಟು 80 ದಿನ. ಇದು ತೋಟಗಳಲ್ಲಿ ಹಲಸು, ಬಾಳೆ, ಕೊಕ್ಕೊ, ಬೊಂಡಗಳ ಕಾಲ. ಕಾಡಿನಲ್ಲಿ ನೀರು ಬತ್ತಿದಾಗ ಮಂಗ, ಕಾಡುಹಂದಿಗಳು ತೋಟಕ್ಕೆ ಇಳಿಯುವ ಕಾಲವೂ ಹೌದು. ಚಾರ್ಮಾಡಿ, ಕುದುರೆಮುಖದ ತಪ್ಪಲಿನ ಬೆಳ್ತಂಗಡಿಯ ಗ್ರಾಮಗಳಲ್ಲಿ ಆನೆಯ ಭಯವನ್ನೂ ಸೇರಿಸಿಕೊಳ್ಳಿ.

ಶಾಂತಿ ಕಾಪಾಡುವ ಉದ್ದೇಶ ಸರಿಯಾದದ್ದೇ. ಆದರೆ ಎಲ್ಲರಿಂದಲೂ ಒಂದೇ ಸಮನೆ ಕೋವಿ ತೆಗೆದುಕೊಳ್ಳಬೇಕೆಂದು ಕಾನೂನು ಹೇಳುವುದಿಲ್ಲ. ಬಾಂಬೆ ಹೈಕೋರ್ಟಿನ ತೀರ್ಪೊಂದರ ಬಳಿಕ 2009ರಲ್ಲಿ ಚುನಾವಣಾ ಆಯೋಗ ಪರಿಶೀಲನಾ ಸಮಿತಿಯ ಪದ್ಧತಿಯನ್ನು ತಂದಿತು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಗಳಲ್ಲಿ, ವಿಶೇಷವಾಗಿ ಚುನಾವಣೆಯ ಗಲಭೆಗಳಲ್ಲಿ ಭಾಗಿಯಾದವರು ಇವರನ್ನು ಗುರುತಿಸಿ ಅವರ ಶಸ್ತ್ರ ಪಡೆಯಬೇಕು ಎಂಬುದು ಅದರ ತಿರುಳು. ವಿನಾಯಿತಿ ಬೇಕೆಂದು ರೈತರು ಸಮಿತಿಗೆ ಅರ್ಜಿ ಕೊಡುವುದೂ, ಪ್ರಶ್ನೆ ಕರ್ನಾಟಕ ಹೈಕೋರ್ಟಿನ ತನಕ ಹೋಗುವುದೂ ಈ ಹಿನ್ನೆಲೆಯಲ್ಲೇ.

ಬೇಕಾದದ್ದು ಸದ್ದು, ಕೈಯಲ್ಲಿರುವುದು 2400 ಜೂಲ್

ಇಲ್ಲಿ ಇನ್ನೊಂದು ಕಾನೂನು ಎದುರಾಗುತ್ತದೆ. ಕೋವಿಯ ಪರವಾನಿಗೆ ಪ್ರಾಣಿಯನ್ನು ಕೊಲ್ಲುವ ಪರವಾನಿಗೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ನಮ್ಮ ತೋಟಗಳ ಮಂಗ ಮೊದಲನೆಯ ಅನುಸೂಚಿಯಲ್ಲಿದೆ. ನವಿಲು ಮೊದಲಿನಿಂದಲೂ ಅಲ್ಲೇ ಇದೆ. ಹೀಗಾಗಿ ಬಹುತೇಕ ಸಂದರ್ಭಗಳಲ್ಲಿ ರೈತನಿಗೆ ನ್ಯಾಯವಾಗಿ ದಕ್ಕುವುದು ಕೋವಿಯ ಸದ್ದು ಮಾತ್ರ.

ಸದ್ದನ್ನೂ ಅಳೆಯೋಣ. 12 ಬೋರಿನ ಕೋವಿಯ ಸದ್ದು ಹಾರಿಸುವವನ ಕಿವಿಯ ಬಳಿ 150 ಡೆಸಿಬೆಲ್ ಮೀರುತ್ತದೆ. ಥಟ್ಟನೆ ಬರುವ ಸದ್ದಿಗೆ 140 ಡೆಸಿಬೆಲ್ ಕಿವಿಯ ಸುರಕ್ಷತೆಯ ಗಡಿ ಎಂದು ಪರಿಗಣಿಸುತ್ತಾರೆ. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 150 ಇದ್ದರೆ 100 ಮೀಟರಿನಲ್ಲಿ 110. ಎಲೆ, ಗುಡ್ಡಗಳ ತಡೆಯಿಂದ ಇನ್ನೂ ಕಡಿಮೆ. ಮಂಗಕ್ಕೆ ಕೇಳುವುದು 110, ಹಾರಿಸುವವನ ಕಿವಿಗೆ 150. ಪೆಟ್ಟು ಯಾರಿಗೆ ಹೆಚ್ಚು ಎಂದು ನೀವೇ ಹೇಳಿ.

ಕೋವಿ ಠಾಣೆಯಲ್ಲಿರುವಾಗ ಸದ್ದಿಗೆಂದು ಕೆಲವರು ಹಿಡಿಯುವುದು ಕಾರ್ಬೈಡ್ ಪೈಪನ್ನು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಮತ್ತು ಸುಣ್ಣ ಉಂಟಾಗುತ್ತವೆ. ಅಡುಗೆ ಅನಿಲ ಗಾಳಿಯಲ್ಲಿ ಶೇಕಡಾ 2ರಿಂದ 10ರೊಳಗೆ ಇದ್ದಾಗ ಮಾತ್ರ ಸ್ಫೋಟಿಸುತ್ತದೆ. ಅಸಿಟಿಲೀನ್ ಶೇಕಡಾ 2.5ರಿಂದ ಸುಮಾರು 80ರ ತನಕ ಎಷ್ಟಿದ್ದರೂ ಸ್ಫೋಟಿಸಬಲ್ಲದು. ಪೈಪಿನಲ್ಲಿ ಎಷ್ಟು ಅನಿಲ ತುಂಬಿದೆ ಎಂದು ಅಳೆಯುವ ಯಾವ ಉಪಾಯವೂ ಬಳಸುವವನಿಗಿಲ್ಲ. ಹತ್ತಲಿಲ್ಲವೆಂದು ಬಾಯಿಯೊಳಗೆ ಇಣುಕಿದರೆ ಉರಿಯೂ ಬಿಸಿ ಸುಣ್ಣವೂ ಕಣ್ಣಿಗೆ ಬಡಿಯುತ್ತವೆ. 2025ರ ದೀಪಾವಳಿಯ ಹೊತ್ತಿಗೆ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಕಣ್ಣಿಗೆ ಗಾಯ ಮಾಡಿಕೊಂಡದ್ದು ಇಂಥ ಪೈಪುಗಳಿಂದಲೇ.

ಕಾಯ್ದೆಯ ಅರ್ಥವಿವರಣೆಯನ್ನು ಈಗ ಮತ್ತೊಮ್ಮೆ ನೆನಪಿಸಿಕೊಳ್ಳಿ. ಅದು ಕೇಳುವುದು 'ಉತ್ಕ್ಷೇಪಕ ಹೊರಬರುತ್ತದೆಯೇ?' ಎಂದು. ಬರೇ ಸದ್ದಿನ ಪೈಪಿನಿಂದ ಉತ್ಕ್ಷೇಪಕ ಬರುವುದಿಲ್ಲ. ಆದ್ದರಿಂದ ಕೋವಿಗೆ ಹೊಂದುವ ಜೂಲ್ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಕಾನೂನಿನ ಅಳತೆಗೋಲು ನಳಿಗೆಯ ಮುಂದಿರುವವನನ್ನು ಕಾಯಲು ಮಾಡಿದ್ದು. ಪೈಪಿನ ಹಿಂದೆ ನಿಂತವನ ಕಣ್ಣು, ಕಿವಿಗಳನ್ನು ಅದು ಅಳೆಯುವುದಿಲ್ಲ. ಕಡಿಮೆ ನಿರ್ಬಂಧವುಳ್ಳ ಸಾಧನವೇ ಕಡಿಮೆ ಅಪಾಯದ್ದು ಎಂಬ ನಂಬಿಕೆ ಇಲ್ಲಿ ಮೋಸ ಹೋಗುತ್ತದೆ.

ಶಿಕ್ಷಕರು ಏನು ಮಾಡಬಹುದು?

ಚಲನಶಕ್ತಿಯ ಪಾಠದಲ್ಲಿ ಈ ಮೂರು ಸಾಧನಗಳನ್ನು ಹಲಗೆಯ ಮೇಲೆ ಒಂದರ ಪಕ್ಕ ಒಂದು ಬರೆಯಿರಿ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿಸಿ: ಶಕ್ತಿ ಎಷ್ಟು, ಅದು ಎಷ್ಟು ಜಾಗಕ್ಕೆ ಬೀಳುತ್ತದೆ, ಎಷ್ಟು ದೂರ ಹೋಗುತ್ತದೆ, ಹಿಂದೆ ನಿಂತವನಿಗೆ ಏನಾಗುತ್ತದೆ? ಮೊದಲ ಮೂರಕ್ಕೆ ಮೇಲಿನ ಸಂಖ್ಯೆಗಳಿಂದಲೇ ಉತ್ತರ ಸಿಗುತ್ತದೆ. ಇದಕ್ಕೆ ಕೋವಿಯನ್ನಾಗಲಿ ಪೈಪನ್ನಾಗಲಿ ತರಗತಿಗೆ ತರಬೇಕಾದ್ದಿಲ್ಲ, ತರಲೂಬಾರದು. ನಾಲ್ಕನೆಯ ಪ್ರಶ್ನೆಯನ್ನು ಮಕ್ಕಳು ಮನೆಗೂ ಒಯ್ಯಲಿ. ತೋಟದಲ್ಲಿ ಪೈಪಿಗೆ ಕಿಡಿ ತಾಗಿಸುವುದು ಎಷ್ಟೋ ಮನೆಗಳಲ್ಲಿ ಮಕ್ಕಳ ಕೆಲಸ. ಹತ್ತದ ಪೈಪಿನೊಳಗೆ ಇಣುಕಬಾರದು, ಏರ್‌ಗನ್ನನ್ನು ಯಾರ ಕಡೆಗೂ ತಿರುಗಿಸಬಾರದು ಎಂಬ ಎರಡು ಮಾತುಗಳು ಲೆಕ್ಕದ ಬೆಂಬಲದೊಂದಿಗೆ ಅವರ ಮನಸ್ಸಿನಲ್ಲಿ ನಿಂತರೆ, ಆ ದಿನದ ಪಾಠ ಸಾರ್ಥಕ.